ಕವೆಹುಲ್ಲಿನ ಕರೆ

"ಇವನ್ನ ಯಾರಪ್ಪಾ ಕರೆದೋರು?"

ಓಬಮ್ಮ ಬಾಯಿ ಬಿಟ್ಟೇ ಕೇಳಿದಳು. ಉತ್ತರ ಕೊಡಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಯಗಲದ ಪರದೆಯ ಮೇಲೆ ಜೋಡಿಬೋರೆ ಕಾವಲು, ಅವಳಿ ದಿಬ್ಬಗಳ ಆ ಹುಲ್ಲುನೆಲ, ಎಳೆಬಿಸಿಲಿಗೆ ಮೈಯೊಡ್ಡಿ ಮಲಗಿತ್ತು. ಒಂಬತ್ತನೇ ತಾಕಿನ ಹೊರಬೇಲಿಗೆ ಎದೆಯಾನಿಸಿ ಹಟ್ಟಿಯ ದೇವರ ದನಗಳು ಸಾಲಾಗಿ ನಿಂತಿದ್ದವು. ಮೇಯುತ್ತಿರಲಿಲ್ಲ, ಮೆಲುಕು ಹಾಕುತ್ತಿರಲಿಲ್ಲ. ಮೂಗರಳಿಸಿ, ಕಿವಿ ಮುಂದೆ ಮಾಡಿ, ಪುರಾಣ ಕೇಳಲು ಕೂತ ಜನರ ಹಾಗೆ ಮೈಮರೆತಿದ್ದವು.

ದನ ಕರೆಯುವುದು ಓಬಮ್ಮನ ಕೆಲಸ. ಅವಳು ಕರೆಯದೆ ಅವು ಬರುವಂತಿರಲಿಲ್ಲ.

ಆ ತಾಕಿನ ಹುಲ್ಲು ನಮ್ಮ ಸೀಮೆಯದಲ್ಲ. ದಕ್ಷಿಣ ಅಮೆರಿಕದಿಂದ ಹೊರಟು ಲೋಕ ಸುತ್ತಿ ಬಂದದ್ದು. ಪುಸ್ತಕದಲ್ಲಿ ಅದರ ಹೆಸರು ಬಾಹಿಯಾ. ತೆನೆ ಎರಡಾಗಿ ಸೀಳಿ ಕವೆಯಂತೆ ನಿಲ್ಲುವುದನ್ನು ಕಂಡು ಹಟ್ಟಿಯವರು ಕವೆಹುಲ್ಲು ಎಂದು ಕರೆದರು. ಅದಕ್ಕೆ ಬಡನೆಲವೇ ಸಾಕು. ಗೊರಸಿನ ತುಳಿತಕ್ಕೆ ಜಗ್ಗುವುದಿಲ್ಲ. ಗೆಣ್ಣುಬೇರುಗಳು ಚಾಪೆ ಹೆಣೆದಂತೆ ಹೆಣೆದುಕೊಂಡ ಮೇಲೆ ಗುದ್ದಲಿ ಕೂಡ ಒಳಗೆ ಇಳಿಯುವುದಿಲ್ಲ. ಬೀಜದ ಸಿಪ್ಪೆ ಮಾತ್ರ ಕಲ್ಲಿನಂಥದು, ಬಿತ್ತಿದವನಿಗೆ ತಾಳ್ಮೆ ಬೇಕು. ಪರಾಗದ ಹಂಗಿಲ್ಲದೆ ಬೀಜ ಕಟ್ಟುವ ಜಾತಿ ಅದು. ಮಗಳೆಂದರೆ ತಾಯಿಯೇ, ಮೊಮ್ಮಗಳೆಂದರೂ ತಾಯಿಯೇ. ಅದನ್ನು ಇಲ್ಲಿ ಬೆಳೆಸಿದ ಸಂಶೋಧನಾ ಕೇಂದ್ರದವರಿಗೆ ಬೇಕಾಗಿದ್ದುದು ಅಂಥದೇ. ಒಮ್ಮೆ ಕಲಿಸಿದ ಪಾಠವನ್ನು ಎಷ್ಟು ತಲೆಮಾರು ಕಳೆದರೂ ಮರೆಯಬಾರದು.

ಕಲಿಸಿದ ಪಾಠ ಇಷ್ಟು. ಕೊಳವೆಯ ನೀರಿನಲ್ಲಿ ಒಂದು ಬಗೆಯ ಉಪ್ಪು ಬೆರೆಸಿ ಹನಿಸಿದರೆ ಹುಲ್ಲಿನ ಎಲೆ ಒಂದು ವಾಸನೆ ಬಿಡುತ್ತದೆ. ಮನುಷ್ಯರ ಮೂಗಿಗೆ ಅದು ಮೊದಲ ಮಳೆ ಬಿದ್ದ ಮಣ್ಣಿನ ಹಾಗೆ, ಅದರೊಳಗೆಲ್ಲೋ ಎಳೆಗರುವಿನ ನೆತ್ತಿಯ ಹಾಗೆ. ದನಗಳ ಮೂಗಿಗೆ ಹೇಗೋ, ಅವು ಯಾರಿಗೂ ಹೇಳಿಲ್ಲ. ಆದರೆ ಎಲ್ಲಿದ್ದರೂ ಎದ್ದು ಬರುತ್ತವೆ. ನಾಲ್ಕು ಬೆರಳಿನೆತ್ತರಕ್ಕೆ ಮೇಯ್ದು ಮುಗಿಸಿದರೆ ಹುಲ್ಲು ತಾನಾಗಿ ವಾಸನೆ ನಿಲ್ಲಿಸುತ್ತದೆ, ನಾಲಗೆಗೆ ಕಹಿಯಾಗುತ್ತದೆ. ಆಗ ಮುಂದಿನ ತಾಕಿಗೆ ಉಪ್ಪು ಬಿಟ್ಟರಾಯಿತು. ಕಾಯುವವರು ಬೇಡ, ಕೋಲು ಬೇಡ, ನೆಲ ಬೋಳಾಗುವ ಭಯವೂ ಇಲ್ಲ. ಉಪ್ಪಿನ ಗುಂಡಿ ಒತ್ತುವ ಆ ಕೋಣೆಗೆ ಹಟ್ಟಿಯವರು ಕರೆಮನೆ ಎಂದು ಹೆಸರಿಟ್ಟಿದ್ದರು.

ಒಂಬತ್ತನೇ ತಾಕಿಗೆ ಈಗ ವಿಶ್ರಾಂತಿ. ಅದರ ಕವಾಟ ಮುಚ್ಚಿ ವಾರಗಳೇ ಆಗಿದ್ದವು. ಪರದೆಯ ಮೂಲೆಯಲ್ಲಿ ಅದರ ದೀಪ ಕೆಂಪಗೇ ಇತ್ತು.

ಬಾಗಿಲು ತೆರೆಯಿತು. ಕೇಂದ್ರದ ನಿರ್ದೇಶಕ ಡಾ. ಮುಕುಂದ ಕೌಲಗಿ, ಕೈಯಲ್ಲಿ ಚಹಾದ ಲೋಟ ಹಿಡಿದು, ಪರದೆ ನೋಡಿ ಅಲ್ಲೇ ನಿಂತರು.

"ಏನ್ರೀ ಓಬಮ್ಮ, ಬೆಳಬೆಳಿಗ್ಗೆನ ಉಪ್ಪು ಬಿಟ್ರೇನು?"

"ನಾನು ಬಿಟ್ಟಿಲ್ಲ ಸರ್. ನೀವೇನಾದ್ರೂ?"

"ನಾ ಯಾಕ ಬಿಡ್ಲಿ? ನಿಮ್ಮ ದೇವರ ದನ, ನಿಮ್ಮಪ್ಪ ಕಾಯೂ ದನ. ಅವುಗಳ ಜೋಡಿ ನಂದೇನ ಕೆಲಸ?"

"ಅಮಾಸೆ ಹತ್ರ ಬಂತಲ್ಲ ಸರ್," ಎಂದಳು ಓಬಮ್ಮ. ಅಷ್ಟೇ ಅಂದಳು.

ಕೌಲಗಿಯವರ ಲೋಟ ತುಟಿಯ ಬಳಿ ಹೋದದ್ದು ಹಾಗೇ ಕೆಳಗಿಳಿಯಿತು. "ಹಿಂದಿನ ವಾಸನಿ ಉಳಕೊಂಡಿರಬೇಕ್ರಿ. ಗಾಳಿಗೆ ಬಂದಿರ್ತದ."

ಪರದೆಯಲ್ಲಿ ಗಾಳಿಪಟ್ಟಿ ಅಲುಗದೆ ಜೋತುಬಿದ್ದಿತ್ತು. ಇಬ್ಬರೂ ಅದನ್ನು ನೋಡಿದರು. ಇಬ್ಬರೂ ನೋಡಲಿಲ್ಲವೆಂಬಂತೆ ಇದ್ದರು. ಮರುದಿನ ಓಬಮ್ಮ ಬಂದಾಗ ಕವಾಟಗಳ ಗುಟ್ಟಿನ ಸಂಖ್ಯೆ ಬದಲಾಗಿತ್ತು. ಅನುಮಾನವೆಂಬುದು ನೊಣದಂಥದು. ಇಬ್ಬರಿರುವ ಕೋಣೆಯಲ್ಲಿ ಒಬ್ಬರ ಮೇಲೆಯೇ ಕೂತಿರುವುದಿಲ್ಲ.

*

ಓಬಮ್ಮನ ಅಪ್ಪ ಪಾಲಯ್ಯ ಮುತ್ತುಗದಹಟ್ಟಿಯ ಕಿಲಾರಿ. ದೇವರಿಗೆ ಬಿಟ್ಟ ದನಗಳನ್ನು ಕಾಯುವವನಿಗೆ ಆ ಹೆಸರು. ಆ ದನಗಳಿಗೆ ಮೂಗುದಾರವಿಲ್ಲ, ನೊಗವಿಲ್ಲ, ಸಂತೆಯಿಲ್ಲ. ಕಿಲಾರಿ ಅವನ್ನು ಹೊಡೆದುಕೊಂಡು ಹೋಗುವಂತಿಲ್ಲ. ಅವು ಹೋದ ಕಡೆ ಹಿಂದೆ ಹೋಗಬೇಕು, ಸಂಜೆ ಬಾಯಲ್ಲಿ ಕರೆಯಬೇಕು. ಪಾಲಯ್ಯನ ಕರೆ ಪದವಾಗಿಯೇ ಬರುತ್ತಿತ್ತು. ಹಟ್ಟಿಯ ಮಕ್ಕಳೆಲ್ಲ ಅದನ್ನು ಕೇಳಿಯೇ ನಿದ್ದೆ ಕಲಿತವರು.

ಬೋರೆ ಬೆನ್ನಿನ ಮ್ಯಾಲೆ ಬಿಸಿಲಿಳಿದು ಹೋಗೈತೆ
ನೀರುಂಡ ಕೊರಳು ಮರೆಯಾದೆ, ಕೆಂಚವ್ವ
ಊರ ಹಾದಿಯ ನೆನೆದೇಳೆ

ಪಟ್ಟದ ಹಸು ಕೆಂಚವ್ವ ಆ ಮೂರನೆಯ ಸಾಲಿಗೆ ತಲೆ ಎತ್ತುತ್ತಿದ್ದಳು. ಅವಳು ಎತ್ತಿದರೆ ಮಂದೆಯೆಲ್ಲ ಎತ್ತುತ್ತಿತ್ತು.

ದನಗಳು ಬೇಲಿಗೆ ನಿಂತ ದಿನದ ಸಂಜೆ ಪಾಲಯ್ಯ ಪದವನ್ನು ಮತ್ತೆ ಮತ್ತೆ ಹೇಳಿ, ಗಂಟಲು ಕಟ್ಟಿ, ಕತ್ತಲಾಗುವ ಮುಂಚೆ ಒಬ್ಬನೇ ಮನೆಗೆ ಬಂದ. ಹಟ್ಟಿಯಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ.

"ಬರ್ತಾವೆ ಬಿಡು, ಹಸಿವಾದ್ರೆ ಬರ್ತಾವೆ," ಎಂದಳು ಅವ್ವ ಗಾದ್ರವ್ವ, ಮುದ್ದೆ ತಿರುವುತ್ತ.

"ಹೊಟ್ಟೆ ತುಂಬೈತೆ ಕಣೆ ಅವಕ್ಕೆ. ಬೇಲಿಯಿಂದಾಚೆಗೆ ಕತ್ತು ಹಾಕಿ ಹಾಕಿ ಮೇಯ್ತಾವೆ. ನಾ ಕೂಗಿದ್ರೆ ಯಾರೋ ಪರದೇಸಿ ಕೂಗ್ದಂಗೆ ನೋಡ್ತಾವೆ." ಪಾಲಯ್ಯ ಮಗಳ ಕಡೆ ತಿರುಗಿದ. "ನಿನ್ನ ಕೈ ಐತೇನವ್ವ ಇದ್ರಲ್ಲಿ?"

"ಇಲ್ಲ ಕಣಪ್ಪ."

"ಕೇಳ್ದೆ ಅಷ್ಟೆ. ಹಟ್ಟಿಯಾಗೆ ನಾಲ್ಕು ಜನ ಕೇಳಕ್ಕೆ ಮುಂಚೆ ನಾನೇ ಕೇಳ್ದೆ."

"ನಾಲ್ಕು ಜನ ಆಗ್ಲೇ ಕೇಳೋದಲ್ಲ, ಹೇಳ್ತಾವ್ರೆ," ಎಂದಳು ಗಾದ್ರವ್ವ. "ಬಾವಿತಾವ ನಾ ಹೋದ್ರೆ ಮಾತು ನಿಲ್ಸ್ತಾರೆ. ಮಗಳಿಗೆ ಗಂಡು ನೋಡು ನೋಡು ಅಂತ ಬಡ್ಕೊಂಡೆ, ಕರೆಮನೆಗೆ ಕೊಟ್ಟು ಕೂತ್ರಿ."

ಹಟ್ಟಿಯವರ ಮಾತಿಗೆ ಕಾರಣವಿತ್ತು. ಜೋಡಿಬೋರೆಯ ಎಡಕ್ಕೆ ದೇವರ ಕಾವಲು: ಗರಿಕೆ, ಕರಡ, ಹೆಸರಿಲ್ಲದ ಇನ್ನಷ್ಟು ಹುಲ್ಲು, ಹಟ್ಟಿಯ ಹಿರಿಯರು ಬಿಟ್ಟು ಹೋದದ್ದು. ಬಲಕ್ಕೆ ಕೇಂದ್ರ. ಎಡಗಡೆಯ ನೆಲವನ್ನೂ ಕೊಟ್ಟರೆ ಅಲ್ಲೂ ಕವೆಹುಲ್ಲು ಬಿತ್ತಿ, ವರ್ಷವೆಲ್ಲ ಹಸಿ ಮೇವು ಕೊಡುತ್ತೇವೆಂದು ಕೇಂದ್ರ ಹೇಳಿತ್ತು. ಅರ್ಧ ಹಟ್ಟಿ ಒಪ್ಪಿತ್ತು. ಈಗಿನ ಹುಡುಗರಿಗೆ ದನದ ಹಿಂದೆ ಅಲೆಯುವುದು ಬೇಕಿರಲಿಲ್ಲ. ಇನ್ನರ್ಧ ಒಪ್ಪಿರಲಿಲ್ಲ. ಹಾಗೆ ಹಟ್ಟಿ ಎರಡಾದಾಗ ತೀರ್ಮಾನ ಮನುಷ್ಯರದಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಗುಡಿಯ ಮುಂದಿನ ಕವಲುದಾರಿಗೆ ದೇವರ ದನ ಬಿಡುತ್ತಾರೆ. ಕೆಂಚವ್ವ ಎಡಕ್ಕೆ ನಡೆದರೆ ಕೊಡಕೂಡದು, ಬಲಕ್ಕೆ ನಡೆದರೆ ಕೊಡಬೇಕು. ಅದನ್ನು ಕೇಳಿಕೆ ಎನ್ನುತ್ತಾರೆ.

ಕೇಳಿಕೆಗೆ ಒಂದೇ ಕಟ್ಟು. ಯಾರದಾದರೂ ಕೈವಾಡವಿದೆಯೆಂದು ಅನುಮಾನ ಬಂದರೆ ಆ ಮನುಷ್ಯ ಕೆಂಚವ್ವನ ಬೆನ್ನು ಮುಟ್ಟಿ ಆಣೆ ಇಡಬೇಕು. ಇಟ್ಟರೆ ದೇವರ ಮಾತು ನಿಂತಿತು. ಇಡದಿದ್ದರೆ ಕೇಳಿಕೆ ಬಿದ್ದಿತು, ಇದ್ದದ್ದು ಇದ್ದಂತೆಯೇ ಉಳಿಯಿತು. ಆ ಪ್ರಶ್ನೆಯನ್ನು ಆ ತಲೆಮಾರಿನಲ್ಲಿ ಮತ್ತೆ ಕೇಳುವಂತಿಲ್ಲ. ಆಣೆ ಇಡದವರ ಮನೆಗೆ ಹಟ್ಟಿ ಬೆಂಕಿ ಕೊಡುವುದಿಲ್ಲ, ನೀರು ಕೊಡುವುದಿಲ್ಲ.

ಓಬಮ್ಮ ಮುದ್ದೆ ಮುರಿದಳು, ನುಂಗಲಿಲ್ಲ. ಕೌಲಗಿಯವರಿಗೆ ಈ ಕೇಳಿಕೆಯ ಕತೆ ಹೇಳಿದ್ದವಳು ಅವಳೇ. ಒಂದು ಮಧ್ಯಾಹ್ನ, ಊಟದ ಡಬ್ಬಿ ತೆಗೆದು ಕೂತಾಗ, ನಗುನಗುತ್ತ ಹೇಳಿದ್ದಳು. ಅವರೂ ನಗುನಗುತ್ತ ಕೇಳಿದ್ದರು. ಕೇಳಿದ್ದಷ್ಟೇ ಅಲ್ಲ, ದಾರಿ ಎಷ್ಟು ಅಗಲ, ದನ ಎಷ್ಟು ಹೊತ್ತಿಗೆ ಬಿಡ್ತೀರಿ ಎಂದೆಲ್ಲ ವಿಚಾರಿಸಿದ್ದರು.

*

ಬೇಲಿಯನ್ನು ಪರದೆಯಲ್ಲಿ ನೋಡುವುದು ಬೇರೆ, ಕಾಲಲ್ಲಿ ನೋಡುವುದು ಬೇರೆ. ಮಾರನೆಯ ಹಗಲು ಓಬಮ್ಮ ಒಂಬತ್ತನೇ ತಾಕಿಗೆ ನಡೆದಳು. ಕೌಲಗಿಯವರು ಎಲ್ಲೋ ಅಡಗಿಸಿ ಎಳೆದ ಕೊಳವೆ ಸಿಕ್ಕೀತೆಂದು ಹುಡುಕಿದಳು. ಬೇಲಿಯ ಬುಡವನ್ನೆಲ್ಲ ಕೋಲಿನಿಂದ ಕೆದಕಿದಳು. ಕೊಳವೆ ಸಿಗಲಿಲ್ಲ.

ಬೇಲಿಯ ಒಳಗಿನ ಹುಲ್ಲಿಗೆ ಮೂಗಿಟ್ಟಳು. ಬರೀ ಹುಲ್ಲು. ಒಳಗೆ ಯಾರೂ ಉಪ್ಪು ಬಿಟ್ಟಿರಲಿಲ್ಲ. ಎದ್ದು ಹೊರಟವಳಿಗೆ ಬೇಲಿಯ ಹೊರಗೆ, ದನ ನಿಂತು ನಿಂತು ಕೆಸರಾದ ಜಾಗದಲ್ಲಿ, ಘಮ್ಮೆಂದು ಮೊದಲ ಮಳೆಯ ವಾಸನೆ ಬಡಿಯಿತು.

ಗೆಣ್ಣುಬೇರು ಬೇಲಿಯ ಕೆಳಗಿನಿಂದ ಹೊರಗೆ ನುಸುಳಿತ್ತು. ಹೊರಗಿನ ಹುಲ್ಲು ಕರೆಯುತ್ತಿತ್ತು, ಒಳಗಿನದು ಸುಮ್ಮನಿತ್ತು. ಎರಡೂ ಒಂದೇ ಹುಲ್ಲು, ಒಂದೇ ತಾಯಿ. ಹೊರಗೆ ಇದ್ದು ಒಳಗೆ ಇಲ್ಲದ್ದು ಏನು? ಅವಳ ಕಾಲು ಹಸಿಯಲ್ಲಿ ಹೂತಿತ್ತು. ದನಗಳು ಉಚ್ಚೆ ಹೊಯ್ದು ಮಾಡಿದ ಕೆಸರು ಅದು.

ಓಬಮ್ಮ ಬಗ್ಗಿ ಆ ಕೆಸರನ್ನು ಬೆರಳಿಗೆ ತೆಗೆದುಕೊಂಡು ಮೂಸಿದಳು.

ಸಂಜೆ ಅವಳು ಕೇಂದ್ರದ ಅಂಗಳದ ಲಾನಿನಿಂದ ಮೂರು ಹೆಂಟೆ ಕವೆಹುಲ್ಲು ಅಗೆದು ತಂದಳು. ಮನೆಯ ಹಿತ್ತಲಲ್ಲಿ ಒಂದರಿಂದೊಂದು ದೂರವಿಟ್ಟಳು. ಒಂದಕ್ಕೆ ಬಾವಿಯ ನೀರು. ಒಂದಕ್ಕೆ ಮನೆಯ ಹಸುವಿನ ಗಂಜಲ, ಅದು ಕವೆಹುಲ್ಲು ತಿಂದದ್ದಲ್ಲ. ಇನ್ನೊಂದಕ್ಕೆ ಅಪ್ಪ ಗುಡಿಗೆಂದು ತಂಬಿಗೆಯಲ್ಲಿ ಹಿಡಿದಿಟ್ಟಿದ್ದ ದೇವರ ದನದ ಗಂಜಲ. ಬೆಳಿಗ್ಗೆ ಹಸುವನ್ನು ಬಿಚ್ಚಿದಳು. ಅದು ಮೊದಲ ಹೆಂಟೆಯನ್ನು ದಾಟಿತು, ಎರಡನೆಯದನ್ನು ತುಳಿದುಕೊಂಡು ಹೋಯಿತು, ಮೂರನೆಯದರ ಮುಂದೆ ಮೊಣಕಾಲೂರಿತು.

ಆ ಉಪ್ಪನ್ನು ದೇಹ ಉಳಿಸಿಕೊಳ್ಳುವುದಿಲ್ಲ. ನಿರಪಾಯ ಎಂದು ಆರಿಸಿದ್ದೇ ಆ ಕಾರಣಕ್ಕೆ. ಮಳೆಗಾಲದಿಂದ ಬೇಲಿಯಾಚೆಯ ಹುಲ್ಲನ್ನು ಕದ್ದು ಮೇಯ್ದ ದನಗಳ ಹೊಟ್ಟೆಗೆ ಉಪ್ಪು ಹೋಯಿತು, ಗಂಜಲದಲ್ಲಿ ಹಾಗೇ ಹೊರಬಂತು, ಬಿದ್ದ ಕಡೆ ಹುಲ್ಲನ್ನು ಎಬ್ಬಿಸಿತು. ಹುಲ್ಲು ಕರೆಯಿತು, ದನ ಬಂತು, ಮೇಯಿತು, ಮತ್ತೆ ಗಂಜಲ ಹೊಯ್ದಿತು. ಗುಂಡಿ ಒತ್ತುವವರು ಈ ಸುತ್ತಿನಲ್ಲಿ ಎಲ್ಲೂ ಇರಲಿಲ್ಲ. ಕಲ್ಲುಸಿಪ್ಪೆಯ ಬೀಜವಂತೂ ಹೊಟ್ಟೆಯಲ್ಲಿ ಕರಗದೆ ಸಗಣಿಯಲ್ಲಿ ಬಿದ್ದು, ಬೇಲಿಯಿಂದ ಗುಡಿಯವರೆಗೆ, ಬಲಗಡೆಯ ದಾರಿಯ ಉದ್ದಕ್ಕೂ ಮೊಳೆತಿತ್ತು.

ಕೇಳಿಕೆಯ ಬೆಳಿಗ್ಗೆ ಕಿಲಾರಿ ಮಾಡುವ ಮೊದಲ ಕೆಲಸವೆಂದರೆ ಎರಡೂ ದಾರಿಗಳನ್ನು ದೇವರ ದನದ ಗಂಜಲ ಚಿಮುಕಿಸಿ ಮಡಿ ಮಾಡುವುದು.

*

ಕೌಲಗಿಯವರು ಲಾನಿನಲ್ಲಿ ನಿಂತು ಕತ್ತರಿಸುವ ಯಂತ್ರದ ಅಲಗನ್ನು ಬೆರಳಿನಿಂದ ಸವರುತ್ತಿದ್ದರು. "ನೋಡ್ರಿ, ಮೊನ್ನೆ ಹೆರೆಸಿದ್ದು. ಆಗಲೇ ಸೀಳಿದ ತೆನಿ ಎದ್ದು ನಿಂತಾವ. ಅಲಗ ಮೊಂಡಾದ್ವು, ಇದು ಮಾತ್ರ ಮಣಿಯಂಗಿಲ್ಲ. ಮೂರು ಹೆಂಟಿ ಯಾರೋ ಕಿತ್ಕೊಂಡು ಹೋಗ್ಯಾರ ಬ್ಯಾರೆ."

"ನಾನೇ ಸರ್," ಎಂದು ಓಬಮ್ಮ ಎಲ್ಲವನ್ನೂ ಹೇಳಿದಳು.

ಅವಳು ಮುಗಿಸಿದ ಮೇಲೆ ಕೌಲಗಿಯವರು ಅಲಗಿನಿಂದ ಬೆರಳು ತೆಗೆದರು. ಆಮೇಲೆ, ಹೆದರಿದವರ ನಗುವೊಂದನ್ನು ನಕ್ಕರು.

"ಹಂಗಾದ್ರ ನೀವೂ ಕಳ್ಳರಲ್ಲ, ನಾನೂ ಕಳ್ಳ ಅಲ್ಲ. ನಾ ಖರೇನ ನಿಮ್ಮ ಮ್ಯಾಲೆ ಸಂಶಯ ಪಟ್ಟಿದ್ದೆ, ಓಬಮ್ಮ."

"ನಾನೂ ನಿಮ್ಮ ಮೇಲೆ ಪಟ್ಟಿದ್ದೆ. ಈಗ ಅಮಾಸೆ ಕೇಳಿಕೆ ಮುಂದೂಡ್ಬೇಕು ಸರ್. ನೀವು ಬಂದು ಹಟ್ಟಿಯೋರಿಗೆ ಹೇಳ್ಬೇಕು."

"ಏನಂತ ಹೇಳ್ಲಿ? ನಿಮ್ಮ ದೇವರು ನಮ್ಮ ಹುಲ್ಲಿನ ಮಾತು ಕೇಳ್ತಾನ ಅಂತ? ಬಡಿದು ಕಳಸ್ತಾರ." ಅವರ ದನಿ ಮೆತ್ತಗಾಯಿತು. "ನಾವು ಏನೂ ಮಾಡಿಲ್ಲ. ಅವರ ದನ, ಅವರ ದಾರಿ, ಅವರ ಗಂಜಲ. ಅವರ ಪದ್ಧತಿ ಪ್ರಕಾರ ಅವರು ಕೇಳ್ತಾರ. ನಾವು ಯಾಕ ನಡುವ ಕೈ ಹಾಕೋದು? ಮತ್ತ ಮೇವು ಕೆಟ್ಟದ್ದಲ್ಲಲ್ಲ. ದನ ದಪ್ಪ ಆಗ್ತಾವ."

"ಕರೆದ್ರೆ ತಿರುಗಿ ನೋಡಲ್ಲ ಸರ್."

"ಕರಿಯೋ ಅವಶ್ಯಕತೆನ ಇರಂಗಿಲ್ಲಲ್ರೀ," ಎಂದರು ಕೌಲಗಿ, ಸಮಾಧಾನ ಹೇಳುವವರಂತೆ.

ಆ ಸಂಜೆ ಅವಳು ಅಪ್ಪನ ಹಿಂದೆ ಕಾವಲಿಗೆ ಹೋದಳು. ದಾರಿಯುದ್ದಕ್ಕೂ ಹೇಳುತ್ತ ಹೋದಳು. ಎಡಗಡೆಯಲ್ಲಿ ಗರಿಕೆಯ ನಡುವೆ ಕವೆಯ ಮೊಳಕೆ ಅಲ್ಲೊಂದು ಇಲ್ಲೊಂದು; ಬಲಗಡೆಯಲ್ಲಿ ದಟ್ಟ ಹಸುರು. ಪಾಲಯ್ಯ ಎಲ್ಲವನ್ನೂ ಕೇಳಿದ. ಪದ ಹೇಳಿದ. ಮೂರನೆಯ ಸಾಲಿಗೆ ಕೆಂಚವ್ವನ ಕಿವಿ ಒಂದು ಅಲುಗಿತು, ತಲೆ ಏಳಲಿಲ್ಲ.

"ನಾಳಿದ್ದು ಗಂಜಲ ಚಿಮುಕಿಸ್ದಿದ್ರೆ?" ಎಂದಳು ಓಬಮ್ಮ.

"ಮಡಿ ಇಲ್ದ ದಾರಿಯಾಗೆ ದೇವ್ರು ನಡೀತಾನೇನವ್ವ?"

"ನಡೆಯೋದು ದೇವ್ರಲ್ಲ ಕಣಪ್ಪ ಈಗ."

ಪಾಲಯ್ಯ ಹೆಗಲ ಕಂಬಳಿ ಸರಿಮಾಡಿಕೊಂಡ. "ನೀ ಹೇಳೋದು ನಿಜಾನೇ ಇರ್ಬೋದು. ಆದ್ರೆ ಕೇಳು. ಕಿಲಾರಿ ಮಗಳ ಮಾತು ಕೇಳಿ ಗಂಜಲ ಚಿಮುಕಿಸ್ಲಿಲ್ಲ, ದನ ಎಡಕ್ಕೆ ಹೋದ್ವು ಅಂತ ಇಟ್ಕೋ. ಆಗ ನನ್ನ ಕೈ ಬಂತೋ ಇಲ್ವೋ ದೇವರ ಮಾತಿನಾಗೆ? ಬಲಕ್ಕೋದ್ರೆ ಹುಲ್ಲಿನ ಕೈ, ಎಡಕ್ಕೋದ್ರೆ ನನ್ನ ಕೈ. ದೇವರದೆಲ್ಲೈತೆ?"

ಓಬಮ್ಮ ದಾರಿಯಂಚಿನ ಒಂದು ಕವೆಯನ್ನು ಹಿಡಿದು ಎಳೆದಳು. ತೆನೆ ಕೈಗೆ ಬಂತು, ಬೇರು ಬರಲಿಲ್ಲ.

*

ಅಮಾವಾಸ್ಯೆಯ ಬೆಳಿಗ್ಗೆ ಹಟ್ಟಿಯೆಲ್ಲ ಗುಡಿಯ ಮುಂದೆ ಸೇರಿತು. ಕೌಲಗಿಯವರೂ ಬಂದಿದ್ದರು, ಚಪ್ಪಲಿ ಕಳಚಿ, ಕೈಮುಗಿದು, ಒಂದು ಪಕ್ಕಕ್ಕೆ. ಪಾಲಯ್ಯ ತಂಬಿಗೆ ಹಿಡಿದು ಬರಿಗಾಲಲ್ಲಿ ಮೊದಲು ಎಡದಾರಿಗೆ, ಆಮೇಲೆ ಬಲದಾರಿಗೆ, ಬೇವಿನ ಸೊಪ್ಪಿನಿಂದ ಗಂಜಲ ಚಿಮುಕಿಸಿದ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಬಂದು, ರಾತ್ರಿ ನೀರಡಿಸಿ ದನಗಳು ತಾವಾಗಿಯೇ ಸೇರಿಕೊಂಡಿದ್ದ ದೊಡ್ಡಿಯ ಮುಳ್ಳು ಸರಿಸಿದ.

ಕೆಂಚವ್ವ ಹೊರಬಂದಳು. ಕವಲಿನಲ್ಲಿ ನಿಂತಳು. ಬಲಗಡೆಯಿಂದ, ಮೋಡದ ಚೂರೂ ಇಲ್ಲದ ಆಕಾಶದ ಕೆಳಗೆ, ಮಳೆ ಬಿದ್ದ ಮಣ್ಣಿನ ವಾಸನೆ ಎದ್ದಿತು.

"ಅಗೋ, ದೇವರು ಬಂದ! ವಾಸ್ನೆ ನೋಡ್ರೋ!" ಎಂದಿತು ಒಂದು ಮುದಿ ಕೊರಳು. ಹಲವರ ಕಣ್ಣಲ್ಲಿ ನೀರು ಬಂತು.

ಕೆಂಚವ್ವ ಬಲಕ್ಕೆ ನಡೆದಳು. ಮಂದೆ ಹಿಂದೆ ನಡೆಯಿತು.

ಕೇಕೆ ಎದ್ದಿತು. ಅದು ಮುಗಿಯುವ ಮೊದಲೇ ಹಿಂದಿನಿಂದ ಯಾರೋ ಅಂದರು: "ದೇವರ ವಾಸ್ನೆಯೋ, ಕರೆಮನೆ ವಾಸ್ನೆಯೋ? ಕಿಲಾರಿ ಮಗಳು ಅಲ್ಲೇ ತಾನೆ ಗುಂಡಿ ಒತ್ತೋದು?"

"ಬಾಯಿ ಮುಚ್ಚೋ!"

"ಯಾಕ್ ಮುಚ್ಚಲಿ? ನೆಲ ಹೋಗೋದು ನಂದೂ ಅಲ್ವಾ?"

ಗುಜುಗುಜು ಹಬ್ಬಿತು. ಹಟ್ಟಿಯ ಯಜಮಾನ ದೊಡ್ಡಬೋರಯ್ಯ ಕೋಲೆತ್ತಿದ. ವಯಸ್ಸಾದ, ನಿಧಾನದ ಮನುಷ್ಯ. ನೆಲ ಕೊಡುವ ಕಡೆಗೂ ಇರಲಿಲ್ಲ, ಬಿಡುವ ಕಡೆಗೂ ಇರಲಿಲ್ಲ; ಕಟ್ಟಿನ ಕಡೆಗಿದ್ದವನು. ಕೆಂಚವ್ವನನ್ನು ಹುಲ್ಲಿನ ಬಳಿಯೇ ನಿಲ್ಲಿಸಿ, ಜನರನ್ನು ಸುತ್ತ ಕರೆಸಿದ.

"ಅನುಮಾನ ಬಂದೈತೆ. ಓಬಮ್ಮ, ಬಾರವ್ವ ಇಲ್ಲಿ."

ಓಬಮ್ಮ ಹೋದಳು.

"ಒಂದೇ ಮಾತು. ಇವತ್ತು ಕರೆಮನೆಯೋರು ಈ ದನಾನ ಕರೆದಿಲ್ಲ, ನಾನು ಗುಂಡಿ ಒತ್ತಿಲ್ಲ, ಯಾರೂ ಒತ್ತಿಲ್ಲ ಅಂತ ಬೆನ್ನು ಮುಟ್ಟಿ ಆಣೆ ಇಡು. ಮುಗೀತು."

"ಯಜಮಾನ್ರೇ, ಒತ್ತಿಲ್ಲ ನಿಜ. ಆದ್ರೆ ಈ ಹುಲ್ಲು…"

"ಕತೆ ಬ್ಯಾಡ ಕಣವ್ವ. ಕತೆಗೆ ಕತೆ ಹುಟ್ತೈತೆ. ಒತ್ತಿದ್ರೋ, ಇಲ್ವೋ?"

"ಇಲ್ಲ."

"ಹಂಗಾದ್ರೆ ಆಣೆ ಇಡಾಕೇನು?"

ಕೌಲಗಿಯವರು ಅವಳನ್ನೇ ನೋಡುತ್ತಿದ್ದರು. ಇಡ್ರಿ, ಖರೇದ ಮ್ಯಾಲೆ ಆಣಿ ಇಡಾಕ ಏನ ಅಂಜಿಕಿ, ಎನ್ನುತ್ತಿದ್ದವು ಅವರ ಕಣ್ಣು. ಗಾದ್ರವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಪಾಲಯ್ಯ ಖಾಲಿ ತಂಬಿಗೆ ಹಿಡಿದು ನಿಂತಿದ್ದ. ಅವನು ಮಗಳನ್ನು ನೋಡುತ್ತಿರಲಿಲ್ಲ, ಹಸುವನ್ನು ನೋಡುತ್ತಿದ್ದ.

ಓಬಮ್ಮ ಕೈ ಚಾಚಿದಳು. ಕೆಂಚವ್ವನ ಬೆನ್ನಿನ ಬಿಸಿ ಅಂಗೈಗೆ ತಾಗುವಷ್ಟು ಹತ್ತಿರ. ಸಣ್ಣವಳಿದ್ದಾಗ ಈ ಹಸುವಿನ ತಾಯಿಯ ಬೆನ್ನಿಗೆ ಒರಗಿ ಅವಳು ಪದ ಕೇಳಿದ್ದಳು. ಹೇಳಬೇಕಾದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೇಳಿದರೆ ಮನೆಗೆ ಬೆಂಕಿಯಿದೆ, ನೀರಿದೆ, ಅಪ್ಪನಿಗೆ ಕಿಲಾರಿತನವಿದೆ. ಮುಂದಿನ ಮಳೆಗೆ ಎಡಗಡೆಯ ಗರಿಕೆಯನ್ನು ನೇಗಿಲು ಮಗುಚುತ್ತದೆ, ಮತ್ತೆ ಯಾರೂ ಏನನ್ನೂ ಕರೆಯಬೇಕಾಗಿಲ್ಲ.

ಕೆಂಚವ್ವ ತಲೆ ತಗ್ಗಿಸಿ ದಾರಿಯಂಚಿನ ಕವೆಗಳನ್ನು ನಾಲಗೆಯಿಂದ ಸುತ್ತಿ ಕೀಳುತ್ತಿದ್ದಳು.

"ಕೆಂಚವ್ವಾ," ಎಂದಳು ಓಬಮ್ಮ, ಮೆಲ್ಲಗೆ, ಅಪ್ಪನ ಧಾಟಿಯಲ್ಲಿ. "ಊರ ಹಾದಿಯ ನೆನೆದೇಳೆ."

ಹಸು ತಲೆ ಎತ್ತಲಿಲ್ಲ.

"ಕೈ ಇಡವ್ವ, ಹೊತ್ತಾಯ್ತು," ಎಂದ ಯಜಮಾನ.

ಓಬಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಸೆರಗಿನೊಳಗೆ ಸುತ್ತಿ ಎದೆಗೆ ಒತ್ತಿಕೊಂಡಳು.

"ಇಡಲ್ಲ."